ಆರು ಪೈಸೆ ಎಲ್ಲಿ ತಂಗುತ್ತದೆ?

ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ಸಿಗುತ್ತದೆಂದು ಓಡೋಡಿ ಬಂದು ಮನೆ ಕಂದಾಯ ಕಟ್ಟುವವರಲ್ಲಿ ರಸೀದಿಯನ್ನು ಪೂರ್ತಿ ಓದುವವರು ಕಡಿಮೆ. ಒಟ್ಟು ಎಷ್ಟಾಯಿತೆಂದು ನೋಡಿ, ಮಡಚಿ ಬೀರುವಿಗೆ ಸೇರಿಸುತ್ತಾರೆ. ಒಮ್ಮೆ ಬಿಡಿಸಿ ನೋಡಿ. ಆಸ್ತಿ ತೆರಿಗೆಯ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಎಂದು ಸೇರಿರುತ್ತದೆ. 5,000 ರೂಪಾಯಿ ತೆರಿಗೆಯ ಮನೆಯವರು ಅದರ ಮೇಲೆ 300 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಟ್ಟಿರುತ್ತಾರೆ. ಶಾಲೆ ಬಿಟ್ಟ ಮೇಲೆ ಒಂದು ಪುಸ್ತಕವನ್ನೂ ಮುಟ್ಟದವರೂ ಕೊಟ್ಟಿರುತ್ತಾರೆ.

ನಾನು ನಗರಸಭೆಯೊಂದರ ಲೆಕ್ಕಪತ್ರ ಶಾಖೆಯಲ್ಲಿ ಕೂತು ನಿವೃತ್ತನಾದವನು. ಊರಿನ ಹೆಸರು ಬೇಡ, ಯಾವ ಊರಾದರೂ ಕಡತ ಹೆಚ್ಚು ಕಡಿಮೆ ಇದೇ. ನಮ್ಮ ಬೀದಿಯ ಗ್ರಂಥಾಲಯಕ್ಕೆ ಪತ್ರಿಕೆ ನಿಂತಿದೆ, ಫ್ಯಾನು ಕೆಟ್ಟಿದೆ, ಸರ್ಕಾರದಲ್ಲಿ ದುಡ್ಡಿಲ್ಲವಂತೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ದುಡ್ಡು ನೀವೇ ಕಟ್ಟಿದ್ದೀರಿ, ವಸೂಲೂ ಆಗಿದೆ. ದಾರಿಯಲ್ಲಿ ಎಲ್ಲೋ ನಿಂತಿದೆ.

ಈ ಕರ ಹುಟ್ಟಿದ್ದೇ ಹಾಗೆ ನಿಲ್ಲಬಾರದೆಂದು. ಗ್ರಂಥಾಲಯಕ್ಕೆ ಕಾಯ್ದೆಯ ಆಸರೆ ಬೇಕು, ಅದಕ್ಕೆಂದೇ ಮೀಸಲಾದ ಆದಾಯ ಬೇಕು ಎಂದು ದೇಶದಲ್ಲಿ ಪಟ್ಟು ಹಿಡಿದು ಹೇಳಿದವರು ಎಸ್.ಆರ್. ರಂಗನಾಥನ್. ಅವರ ಪ್ರಯತ್ನದಿಂದ 1948ರಲ್ಲಿ ಮದ್ರಾಸಿನಲ್ಲಿ ಮೊದಲ ಕಾಯ್ದೆ ಬಂತು. 1957ರಿಂದ ಕೊನೆಯವರೆಗೂ ಅವರು ಬೆಂಗಳೂರಿನಲ್ಲೇ ಇದ್ದರು. 1965ರಲ್ಲಿ, ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದಾಗ, ಇಲ್ಲಿಯೂ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಾಯಿತು. ಮನೆ ಕಂದಾಯ, ವಾಹನ, ವೃತ್ತಿ, ಆಕ್ಟ್ರಾಯ್ ಹೀಗೆ ಸ್ಥಳೀಯ ತೆರಿಗೆಗಳ ಮೇಲೆ ರೂಪಾಯಿಗೆ 3 ಪೈಸೆ ಅಧಿಕ ಕರ. ಮುಂದೆ ಅದು 6 ಪೈಸೆಯಾಯಿತು. ಆಕ್ಟ್ರಾಯ್ ಮಾತ್ರ 1979ರಲ್ಲಿ ರದ್ದಾದಾಗ ಅದರ ಪಾಲನ್ನೂ ಕೊಂಡೊಯ್ದಿತು. ಉಳಿದದ್ದು ಮುಖ್ಯವಾಗಿ ಮನೆ ಕಂದಾಯದ ಪಾಲು. ಗ್ರಂಥಾಲಯವು ಪ್ರತಿ ಬಜೆಟ್ಟಿನಲ್ಲೂ ಕೈಚಾಚಿ ನಿಲ್ಲಬಾರದು, ತೆರಿಗೆ ಬೆಳೆದಂತೆ ಅದರ ಪಾಲೂ ತಾನಾಗಿ ಬೆಳೆಯಬೇಕು ಎಂಬುದು ಲೆಕ್ಕಾಚಾರ. ಲೆಕ್ಕದವನಾಗಿ ಹೇಳುತ್ತೇನೆ, ಒಳ್ಳೆಯ ಲೆಕ್ಕಾಚಾರವೇ.

ಎಡವಿದ್ದು ಒಂದು ಕಡೆ. ಕರವನ್ನು ವಸೂಲು ಮಾಡುವುದು ನಗರಸಭೆ, ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ನಡುವೆ ಒಂದು ಚೆಕ್ಕು ಬರೆಯಬೇಕು.

ಆ ಚೆಕ್ಕು ಯಾಕೆ ಬರೆಯಲಾಗುವುದಿಲ್ಲ ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಕಳ್ಳತನ ಅಂದುಕೊಳ್ಳುವವರೇ ಹೆಚ್ಚು. ನಾನು ಕಂಡಂತೆ ಅದು ಅಷ್ಟು ರೋಚಕ ಸಂಗತಿಯಲ್ಲ. ವರ್ಷಕ್ಕೆ 3 ಕೋಟಿ ಕಂದಾಯ ಬರುವ ಊರೆಂದು ಇಟ್ಟುಕೊಳ್ಳಿ. ಅದರ ಮೇಲಿನ ಗ್ರಂಥಾಲಯ ಕರ 18 ಲಕ್ಷ. ಇದು ಬೇರೆ ಪೆಟ್ಟಿಗೆಗೆ ಬೀಳುವುದಿಲ್ಲ, ಎಲ್ಲದರ ಜೊತೆ ಒಂದೇ ಬ್ಯಾಂಕ್ ಖಾತೆಗೆ ಬರುತ್ತದೆ. ತಿಂಗಳ ಕೊನೆಗೆ ಖಾತೆಯಲ್ಲಿರುವುದು ಇಷ್ಟು, ಕೊಡಬೇಕಾದವರು ಇಷ್ಟು ಜನ. ಕುಡಿಯುವ ನೀರಿನ ಪಂಪಿನ ವಿದ್ಯುತ್ ಬಾಕಿ ಬೆಳೆದರೆ ಎಸ್ಕಾಂನವರು ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಪೌರಕಾರ್ಮಿಕರ ಸಂಬಳ ತಡವಾದರೆ ಎರಡನೇ ದಿನಕ್ಕೆ ಮಾರ್ಕೆಟ್ಟು ನಾರುತ್ತದೆ, ನಾರಲೇಬೇಕು, ಅವರ ಹೊಟ್ಟೆಯ ಪ್ರಶ್ನೆ ಅದು. ಗುತ್ತಿಗೆದಾರ ತನ್ನ ಬಿಲ್ಲಿನ ಜೊತೆ ಒಬ್ಬ ಕೌನ್ಸಿಲರನ್ನೂ ಕರೆತರುತ್ತಾನೆ. ಗ್ರಂಥಾಲಯದಿಂದ ಬರುವುದು ಒಂದು ಪತ್ರ. ಆಮೇಲೆ ನೆನಪೋಲೆ ಒಂದು, ನೆನಪೋಲೆ ಎರಡು. ಅವನ್ನು ಕಡತಕ್ಕೆ ಹೊಲಿದು ಕಟ್ಟಿಡುವುದಕ್ಕೆ ಯಾವ ಧೈರ್ಯವೂ ಬೇಕಾಗಿಲ್ಲ.

ಕರವನ್ನು ಯಾರೂ ರದ್ದು ಮಾಡುವುದಿಲ್ಲ ಎಂಬುದನ್ನೂ ಗಮನಿಸಿ. ಅದು ಲೆಕ್ಕದ ಹೊಣೆಗಳ ಬದಿಯಲ್ಲಿ ‘ಸಂದಾಯ ಮಾಡಬೇಕಾದ ಕರಗಳು’ ಎಂಬ ಶೀರ್ಷಿಕೆಯಡಿ ಕೂತು ವರ್ಷದಿಂದ ವರ್ಷಕ್ಕೆ ಉಬ್ಬುತ್ತದೆ. ಆಡಿಟ್‌ನವರು ಬರುತ್ತಾರೆ, ಆಕ್ಷೇಪಣೆ ಬರೆಯುತ್ತಾರೆ. ಮುಂದಿನ ವರ್ಷದ ಆಡಿಟ್‌ನವರು ಅದೇ ಕಂಡಿಕೆಯನ್ನು ಅಂಕಿ ಬದಲಿಸಿ ಮತ್ತೆ ಬರೆಯುತ್ತಾರೆ. ಬೆಂಗಳೂರು ಮಹಾನಗರ ಪಾಲಿಕೆಯ ಇಂಥ ಬಾಕಿ ನೂರಾರು ಕೋಟಿಗೆ ಬೆಳೆದದ್ದು ಪತ್ರಿಕೆ ಓದುವವರಿಗೆಲ್ಲ ಗೊತ್ತು. 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಪಾಲಿಕೆ ಸಭೆಯಲ್ಲಿ ಎದ್ದು ನಿಂತು ಕೇಳುವವರೂ ಇಲ್ಲವಾದರು. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ಇನ್ನು ಮುಂದೆ ಚೆಕ್ಕು ಬರೆಯಬೇಕಾದ ಕೈಗಳೂ ಐದು.

ಬ್ರಿಟನ್ನಿನಲ್ಲಿ ಗ್ರಂಥಾಲಯಕ್ಕೆ ದುಡ್ಡು ನಿಲ್ಲಿಸುವುದು ಎದುರೆದುರೇ ನಡೆಯುತ್ತದೆ. 2010ರ ನಂತರ ಕೇಂದ್ರದ ಅನುದಾನ ಇಳಿದಾಗ ಅಲ್ಲಿನ ಕೌನ್ಸಿಲುಗಳು ಸಭೆ ಕರೆದು, ಇಂತಿಂಥ ಗ್ರಂಥಾಲಯ ಮುಚ್ಚುತ್ತೇವೆ ಎಂದು ಪಟ್ಟಿ ಓದಿದವು. ಲಂಡನ್ನಿನ ಬ್ರೆಂಟ್ ಕೌನ್ಸಿಲ್ 2011ರಲ್ಲಿ ಮುಚ್ಚಿದ ಆರರಲ್ಲಿ ಕೆನ್ಸಲ್ ರೈಸ್ ಗ್ರಂಥಾಲಯವೂ ಒಂದು. 1900ರಲ್ಲಿ ಮಾರ್ಕ್ ಟ್ವೇನ್ ಉದ್ಘಾಟಿಸಿದ್ದು ಅದು. ಊರವರು ಬಾಗಿಲಿಗೆ ಕಾವಲು ಕೂತರು, ಕೋರ್ಟಿಗೆ ಹೋಗಿ ಸೋತರು, ಆದರೂ ಬಿಡದೆ ಕಟ್ಟಡದ ಒಂದು ಭಾಗದಲ್ಲಿ ಸ್ವಯಂಸೇವಕರಿಂದ ಮತ್ತೆ ನಡೆಸುತ್ತಿದ್ದಾರೆ. ಅಲ್ಲಿ ಜಗಳವಾಡಲು ಒಂದು ಠರಾವು ಇತ್ತು, ಕೈ ಎತ್ತಿದವರ ಹೆಸರಿತ್ತು. ನಮ್ಮಲ್ಲಿ ಗ್ರಂಥಾಲಯ ಮುಚ್ಚಬೇಕೆಂದು ಯಾವ ನಡಾವಳಿ ಪುಸ್ತಕದಲ್ಲೂ ಬರೆದಿರುವುದಿಲ್ಲ. ಯಾರ ಮನೆ ಮುಂದೆ ಹೋಗಿ ಕೂರುತ್ತೀರಿ?

ನಗರಗಳ ಶಾಖಾ ಗ್ರಂಥಾಲಯಗಳು ಪುಸ್ತಕ, ಪತ್ರಿಕೆ, ಬಾಡಿಗೆ, ಹಂಗಾಮಿ ನೌಕರರ ಕೂಲಿ ಇವಕ್ಕೆಲ್ಲ ಹೆಚ್ಚಾಗಿ ಈ ಕರವನ್ನೇ ನಂಬಿವೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುವ ಹುಡುಗ ಹುಡುಗಿಯರನ್ನು ನೋಡಿದ್ದೀರಲ್ಲ? ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವವರು. ಅವರಿಗೆ ಮನೆಯಲ್ಲಿ ಕೂರಲು ಜಾಗವಿಲ್ಲ, ಖಾಸಗಿ ‘ರೀಡಿಂಗ್ ರೂಂ’ಗೆ ತಿಂಗಳ ಬಾಡಿಗೆ ಕೊಡಲು ಕಾಸಿಲ್ಲ. ಎಲ್ಲ ಮೊಬೈಲಿನಲ್ಲೇ ಇದೆಯಲ್ಲ ಎನ್ನುವ ಬುದ್ಧಿವಂತರುಂಟು. 2020ರಲ್ಲಿ ಗ್ರಂಥಾಲಯ ಇಲಾಖೆಯೇ ಡಿಜಿಟಲ್ ಗ್ರಂಥಾಲಯವನ್ನು ಶುರು ಮಾಡಿತು, ಒಳ್ಳೆಯದೇ. ಆದರೆ ಕುರ್ಚಿ, ಟ್ಯೂಬ್‌ಲೈಟು, ಸದ್ದಿಲ್ಲದ ನಾಲ್ಕು ಗಂಟೆ ಇವು ಮೊಬೈಲಿನಲ್ಲಿ ಸಿಗುವುದಿಲ್ಲ.

ಕನ್ನಡ ಪುಸ್ತಕ ಲೋಕಕ್ಕೂ ಈ ಏಟು ತಗಲುತ್ತದೆ. ಏಕಗವಾಕ್ಷಿ ಯೋಜನೆಯಲ್ಲಿ ಗ್ರಂಥಾಲಯ ಇಲಾಖೆ ಆಯ್ಕೆಯಾದ ಹೊಸ ಪುಸ್ತಕದ 300 ಪ್ರತಿ ಕೊಳ್ಳುತ್ತದೆ. ಕಥೆ, ಕವನ ಅಚ್ಚು ಹಾಕುವ ಸಣ್ಣ ಪ್ರಕಾಶಕರಿಗೆ ಮುದ್ರಣದ ಖರ್ಚು ಹುಟ್ಟುವುದೇ ಅದರಿಂದ. ಖರೀದಿ ನಿಂತಾಗ, ಬಿಲ್ಲು ವರ್ಷಗಟ್ಟಲೆ ಕೂತಾಗ ಅವರು ಇಲಾಖೆಯನ್ನು ಕೇಳುತ್ತಾರೆ, ಇಲಾಖೆ ಬಾಕಿ ಬಿದ್ದ ಕರದತ್ತ ಬೆರಳು ತೋರಿಸುತ್ತದೆ. ಇದರಲ್ಲಿ ಸುಳ್ಳಿಲ್ಲ, ಪೂರ್ತಿ ಸತ್ಯವೂ ಇಲ್ಲ. ಕೈಗೆ ಬಂದ ಹಣದಲ್ಲಿ ಎಂಥ ಪುಸ್ತಕ ಕೊಂಡರು ಎಂಬುದು ಬೇರೆಯದೇ ಪುರಾಣ.

ಹಳ್ಳಿಗಳ ಕಡೆ 2019ರಲ್ಲಿ ಒಂದು ಬದಲಾವಣೆಯಾಯಿತು. 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಇಲಾಖೆಯಿಂದ ಬಿಡಿಸಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದರು. ಅಲ್ಲಿ ವಸೂಲು ಮಾಡುವ ಕೈ, ಖರ್ಚು ಮಾಡುವ ಕೈ ಎರಡೂ ಪಂಚಾಯಿತಿಯವೇ. ಈಗ ಅವುಗಳ ಹೆಸರು ಅರಿವು ಕೇಂದ್ರ. ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಪಿಡಿಒ ಮತ್ತು ಮೇಲ್ವಿಚಾರಕರು ಮನಸ್ಸು ಮಾಡಿದ ಕಡೆ ಗೋಡೆಗೆ ಬಣ್ಣ, ಕೇರಂ, ಕಂಪ್ಯೂಟರು, ಸಂಜೆ ಮಕ್ಕಳ ಗದ್ದಲ ಎಲ್ಲ ಬಂದಿವೆ. ಮನಸ್ಸು ಮಾಡದ ಕಡೆ ಬೋರ್ಡು ಮಾತ್ರ ಹೊಸದು. ಆದರೂ ದುಡ್ಡು ದಾರಿಯಲ್ಲಿ ಸಿಕ್ಕಿಕೊಳ್ಳುವ ಆ ಒಂದು ಗಂಟು ಅಲ್ಲಿ ಇಲ್ಲ.

ನಗರಗಳಿಗೆ ಇದೇ ದಾರಿ ಎಂದು ನಾನು ಹೇಳಲಾರೆ. ಫ್ಯೂಸ್ ಕೀಳುವವರು, ಕಸ ಎತ್ತುವವರು, ಗುತ್ತಿಗೆದಾರರು ಇರುವ ಸಾಲಿನಲ್ಲಿ ಗ್ರಂಥಾಲಯ ಕಡೆಗೇ ನಿಲ್ಲುತ್ತದೆ. ನನ್ನ ಸಲಹೆ ತೀರಾ ಒಣ ಸಲಹೆ. ಈಗ ಹೆಚ್ಚಿನವರು ಕಂದಾಯ ಕಟ್ಟುವುದು ಆನ್‌ಲೈನಿನಲ್ಲಿ. ಯಾವ ಕರ ಎಷ್ಟು ಎಂದು ಕಂಪ್ಯೂಟರಿಗೆ ಪೈಸೆ ಸಮೇತ ಗೊತ್ತಿರುವಾಗ, ಗ್ರಂಥಾಲಯದ ಪಾಲು ಆ ದಿನವೇ ಬ್ಯಾಂಕಿನಲ್ಲಿ ಕವಲೊಡೆದು ಪ್ರಾಧಿಕಾರದ ಖಾತೆಗೆ ಹೋಗಲಿ. ನಗರಸಭೆಯ ಕೈಗೆ ಸಿಗುವುದೇ ಬೇಡ. ಕಾರ್ಮಿಕರ ಸಂಬಳದಲ್ಲಿ ಹಿಡಿದ ಪಿ.ಎಫ್. ಹಣವನ್ನು ಮಾಲೀಕ ಕಟ್ಟದಿದ್ದರೆ ಬಡ್ಡಿ, ದಂಡ, ಮೊಕದ್ದಮೆ ಎಲ್ಲ ಇದೆ. ಜನರಿಂದ ಗ್ರಂಥಾಲಯದ ಹೆಸರಿನಲ್ಲಿ ಹಿಡಿದ ಹಣಕ್ಕೆ ಇರುವುದು ನೆನಪೋಲೆ.

ಅದು ಆಗುವವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಬಜೆಟ್ಟಿನ ಮುಂಚೆ ನಗರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ, ರಸ್ತೆ ಚರಂಡಿಯ ಮಾತು ಮುಗಿದ ಮೇಲೆ ಎದ್ದು ಎರಡು ಅಂಕಿ ಕೇಳಿ: ಕಳೆದ ಮೂರು ವರ್ಷ ಗ್ರಂಥಾಲಯ ಕರ ವಸೂಲಾದದ್ದು ಎಷ್ಟು, ಪ್ರಾಧಿಕಾರಕ್ಕೆ ಸಂದಾಯವಾದದ್ದು ಎಷ್ಟು. ಅಲ್ಲಿ ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಅರ್ಜಿಗೆ 150 ಪದಗಳ ಮಿತಿಯಿದೆ, ಇದಕ್ಕೆ ಮೂವತ್ತು ಸಾಕು. ಉತ್ತರದಲ್ಲಿ ‘ಹೊಂದಾಣಿಕೆ ಮಾಡಲಾಗಿದೆ’ ಎಂದು ಬಂದರೆ ಸುಮ್ಮನಾಗಬೇಡಿ. ಯಾವುದಕ್ಕೆ ಹೊಂದಾಣಿಕೆ, ಯಾವ ನಡಾವಳಿಯ ಮೇಲೆ, ಚೆಕ್ ನಂಬರ್ ಎಷ್ಟು, ಯಾವ ತಾರೀಖು ಎಂದು ಕೇಳಿ.