ಬಿ.ಎಚ್. ರಸ್ತೆಯ ಎರಡು ಊರು: ಮರದ ಅರಮನೆ, ಕಬ್ಬಿಣದ ಕುಲುಮೆ

ಜೋಗಕ್ಕೆ ಹೊರಟವರು, ಆಗುಂಬೆಗೆ ಹೊರಟವರು, ಮಕ್ಕಳಿಗೆ ಸಕ್ರೆಬೈಲಿನ ಆನೆ ತೋರಿಸಲು ಬಂದವರು ಎಲ್ಲರೂ ಶಿವಮೊಗ್ಗದಲ್ಲಿ ಇಳಿಯುತ್ತಾರೆ, ತಿಂಡಿ ತಿನ್ನುತ್ತಾರೆ, ಮುಂದಿನ ಬಸ್ಸು ಹತ್ತುತ್ತಾರೆ. ಭದ್ರಾವತಿಯಲ್ಲಿ ಅಷ್ಟು ಹೊತ್ತೂ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಬರುವ ರೈಲು ಅಲ್ಲಿ ನಿಂತಾಗ ಶಿವಮೊಗ್ಗ ಹತ್ತಿರ ಬಂತೆಂದು ಚೀಲ ಇಳಿಸಿಕೊಳ್ಳುತ್ತಾರೆ. ಬೆಂಗಳೂರು–ಹೊನ್ನಾವರ ರಸ್ತೆ, ಎಲ್ಲರ ಬಾಯಲ್ಲಿ ಬಿ.ಎಚ್. ರೋಡು, ಎರಡೂ ಊರುಗಳ ನಟ್ಟನಡುವೆ ಹಾದುಹೋಗುತ್ತದೆ. ಎರಡರ ನಡುವಿನ ಸುಮಾರು 20 ಕಿಲೋಮೀಟರಿನ ಹಾದಿಯ ಆಸುಪಾಸಿನಲ್ಲೇ ಹೊಯ್ಸಳರ ಕಲ್ಲು, 18ನೇ ಶತಮಾನದ ಮರ, 20ನೇ ಶತಮಾನದ ಕಬ್ಬಿಣ ಮೂರೂ ಸಿಗುತ್ತವೆ.

ಶಿವಮೊಗ್ಗದಲ್ಲಿ ಮೊದಲು ಹೋಗಬೇಕಾದದ್ದು ತುಂಗೆಯ ದಡದ ಕೋಟೆ ಪ್ರದೇಶಕ್ಕೆ. ಕೋಟೆ ಇಂದು ಗೋಡೆಗಿಂತ ಹೆಚ್ಚಾಗಿ ಹೆಸರುಗಳಲ್ಲಿ ಉಳಿದಿದೆ: ಕೋಟೆ ರಸ್ತೆ, ಕೋಟೆ ಆಂಜನೇಯ, ಕೋಟೆ ಮಾರಿಕಾಂಬೆ. ಇಲ್ಲಿ ನಡೆದದ್ದು ಮಾತ್ರ ಸಣ್ಣ ಸಂಗತಿಯಲ್ಲ. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ, 1791ರ ಡಿಸೆಂಬರ್ ಕೊನೆಗೆ, ಪರಶುರಾಮ ಭಾವುವಿನ ಮರಾಠಾ ಪಡೆ ಮತ್ತು ಕ್ಯಾಪ್ಟನ್ ಲಿಟ್ಲ್ ನಾಯಕತ್ವದ ಬ್ರಿಟಿಷ್ ತುಕಡಿ ಊರಿನ ಹೊರಗೆ ಟಿಪ್ಪುವಿನ ಸೈನ್ಯವನ್ನು ಸೋಲಿಸಿದವು. ಹೊಸ ವರ್ಷ ಹುಟ್ಟಿ ಕೆಲವೇ ದಿನಗಳಲ್ಲಿ ಕೋಟೆ ಶರಣಾಯಿತು.

ಈ ಕೋಟೆ ಪ್ರದೇಶದಲ್ಲೇ ಇರುವುದು ಶಿವಪ್ಪನಾಯಕ ಅರಮನೆ. ಹೆಸರು ಕೆಳದಿಯ ದೊರೆಯದು. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಶಿವಪ್ಪನಾಯಕನನ್ನು ಮಲೆನಾಡು ಇಂದಿಗೂ ನೆನೆಯುವುದು ಯುದ್ಧಗಳಿಗಿಂತ ಹೆಚ್ಚಾಗಿ ಅವನ 'ಶಿಸ್ತಿ'ಗೆ. ಮಣ್ಣಿನ ಗುಣ ನೋಡಿ ಭೂಮಿಯನ್ನು ಐದು ತರಗತಿ ಮಾಡಿಸಿ, ಹನ್ನೆರಡು ವರ್ಷಗಳ ಬೆಳೆಯ ಸರಾಸರಿ ತೆಗೆದು, ಅದರ ಮೇಲೆ ಕಂದಾಯ ನಿಗದಿ ಮಾಡಿದ ರಾಜ ಅವನು. ಆದರೆ ಕಲಾ ಇತಿಹಾಸಕಾರ ಜಾರ್ಜ್ ಮಿಷೆಲ್ ಈ ಕಟ್ಟಡವನ್ನು ಹೈದರಾಲಿಯ ಕಾಲಕ್ಕೆ, ಅಂದರೆ 18ನೇ ಶತಮಾನದ ಉತ್ತರಾರ್ಧಕ್ಕೆ, ಸೇರಿಸುತ್ತಾರೆ. ಒಳಗೆ ಹೋಗಿ ಕಂಬಗಳ ನಡುವಿನ ಎಸಳೆಸಳಾದ ಕಮಾನುಗಳನ್ನು ನೋಡಿದರೆ ಆ ಮಾತು ಒಪ್ಪಿಗೆಯಾಗುತ್ತದೆ. ಶ್ರೀರಂಗಪಟ್ಟಣದ ಬೇಸಿಗೆ ಅರಮನೆ ಕಂಡವರಿಗೆ ಈ ಕೈಚಳಕ ಹೊಸದಲ್ಲ. ಜನ ಶಿವಪ್ಪನಾಯಕನ ಹೆಸರು ಬಿಟ್ಟುಕೊಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಯಾರ ಕಾಲದ್ದೆಂದು ತಿಳಿದು ನೋಡಿದರೆ ಸಾಕು.

ಎರಡು ಅಂತಸ್ತಿನ ಕಟ್ಟಡ. ಹಿಂಬದಿಗೆ ದರ್ಬಾರು ಸಭಾಂಗಣ, ಅದರ ಭಾರವೆಲ್ಲ ದಪ್ಪ ಮರದ ಕಂಬಗಳ ಮೇಲೆ. ಮೇಲಂತಸ್ತಿನ ಎರಡೂ ಬದಿಯ ಕೋಣೆಗಳಿಗೆ ಮೊಗಸಾಲೆಗಳಿದ್ದು, ಅಲ್ಲಿ ನಿಂತರೆ ಕೆಳಗಿನ ದರ್ಬಾರು ಕಾಣುತ್ತದೆ. ಮಳೆ ಹೊಯ್ಯುವ ಊರಿನಲ್ಲಿ ಮರದ ಅರಮನೆಯೊಂದು ಇಷ್ಟು ಕಾಲ ನಿಂತಿರುವುದೇ ದೊಡ್ಡದು.

ಇದು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಬರುವವರಲ್ಲಿ ಬಹಳ ಮಂದಿ ಒಳಗಿನ ಗಾಜಿನ ಪೆಟ್ಟಿಗೆಗಳನ್ನು ನೋಡಿ ಹೊರಟುಬಿಡುತ್ತಾರೆ. ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಸಂಪತ್ತು ಹೊರಗಿನ ಆವರಣದಲ್ಲಿದೆ. ಹೊಯ್ಸಳರ ಕಾಲದಿಂದ ಕೆಳದಿಯವರ ಕಾಲದವರೆಗಿನ ಶಿಲ್ಪ, ವೀರಗಲ್ಲು, ಮಾಸ್ತಿಕಲ್ಲುಗಳು ಅಲ್ಲಿ ಸಾಲಾಗಿ ನಿಂತಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯ ಪಟ್ಟಿಕೆಯಲ್ಲಿ ಕಾಳಗ; ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವನಾದರೆ ದನಗಳೂ ಅಲ್ಲೇ ಇರುತ್ತವೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತಿದ್ದಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರ, ಅವರಿರುವ ತನಕ ಈ ಹೆಸರು ಇರಲಿ ಎಂದು. ಗಂಡನ ಚಿತೆಯೇರಿದವಳ ನೆನಪಿಗೆ ನೆಟ್ಟ ಮಾಸ್ತಿಕಲ್ಲಿನ ಗುರುತು ಕಂಬದಿಂದ ಹೊರಬಂದ ಬಳೆ ತೊಟ್ಟ ಕೈ. ಅದರ ಮುಂದೆ ಹೆಣ್ಣುಮಕ್ಕಳನ್ನು ನಿಲ್ಲಿಸಿ ಕಥೆ ಹೇಳುವಾಗ ಅದು ಹೊಗಳುವ ಕಥೆಯಲ್ಲ ಎಂಬುದನ್ನೂ ಹೇಳಬೇಕು. ರಾಜರ ಹೆಸರು ಶಾಸನದಲ್ಲಿ ಸಿಗುತ್ತದೆ; ಊರಿಗಾಗಿ ಸತ್ತ ಸಾಮಾನ್ಯನ ಮುಖ ಸಿಗುವುದು ಈ ಕಲ್ಲುಗಳಲ್ಲಿ ಮಾತ್ರ.

ಅಲ್ಲಿಂದ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಎರಡು ವರ್ಷಕ್ಕೊಮ್ಮೆ ಮಾರಿಜಾತ್ರೆಯಲ್ಲಿ ಅಮ್ಮನಿಗೆ ಈ ಬೀದಿಯೇ ತವರುಮನೆ. ಹಗಲೆಲ್ಲ ಇಲ್ಲಿ ಮಡಿಲು ತುಂಬಿಸಿಕೊಂಡು, ರಾತ್ರಿ ಮೆರವಣಿಗೆಯಲ್ಲಿ ಕೋಟೆಯ ಗದ್ದುಗೆಗೆ ಹೋಗುತ್ತಾಳೆ. ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನ ವಿಶಾಲ ಪ್ರಾರ್ಥನಾಂಗಣ, 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ಹಸೂಡಿ ವೆಂಕಟಶಾಸ್ತ್ರಿ ಸಾಹಿತ್ಯ ಭವನ ಇವನ್ನೂ ನೋಡಿ. ಸಮಯ ಉಳಿದರೆ ಕೂಡಲಿಗೆ ಹೋಗಿ. ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆಯಾಗುವ ಜಾಗ ಅದು. ಸಂಗಮದ ಬಳಿ 12ನೇ ಶತಮಾನದ ರಾಮೇಶ್ವರ ದೇವಾಲಯವಿದೆ, ಶಿಖರದ ಮುಂಚಾಚಿನ ಮೇಲೆ ಹುಲಿಯನ್ನು ಇರಿಯುವ ಸಳನ ಹೊಯ್ಸಳ ಲಾಂಛನವಿದೆ.

ಇನ್ನು ಭದ್ರಾವತಿ. ಹಿಂದಿನ ಹೆಸರು ಬೆಂಕಿಪುರ. ಹಳೇನಗರದಲ್ಲಿ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೇಲೂರು ಹಳೇಬೀಡಿಗೆ ಬಸ್ಸು ಮಾಡಿಕೊಂಡು ಹೋಗುವ ನಮ್ಮ ಜಿಲ್ಲೆಯವರೇ ಎಷ್ಟೋ ಜನ ಇದನ್ನು ನೋಡಿಲ್ಲ. ಎತ್ತರದ ಜಗತಿಯ ಮೇಲೆ ಬಳಪದ ಕಲ್ಲಿನ ತ್ರಿಕೂಟ. ಮೂರು ಗರ್ಭಗುಡಿಗಳಲ್ಲಿ ನಡುವಿನದಕ್ಕೆ ಮಾತ್ರ ಸುಕನಾಸಿ ಎಂಬ ಅಂತರಾಳವಿದೆ. ಅಕ್ಕಪಕ್ಕದ ಎರಡು ನೇರವಾಗಿ ನವರಂಗಕ್ಕೆ, ಅಂದರೆ ನಡುಮಂಟಪಕ್ಕೆ, ತೆರೆದುಕೊಳ್ಳುತ್ತವೆ. ಆದ್ದರಿಂದ ಹೊರಗಿನಿಂದ ನೋಡಿದಾಗಲೂ ನಡುವಿನ ಗುಡಿಯೇ ಮುಂದಾಗಿ ಎದ್ದು ಕಾಣುತ್ತದೆ. ಜಗತಿಯ ಮೇಲೆ ಒಂದು ಸುತ್ತು ನಿಧಾನವಾಗಿ ಬನ್ನಿ, ಆಮೇಲೆ ಒಳಗೆ ಹೋಗಿ.

ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇದರ ಮುಂದಿನದು. ಭದ್ರಾವತಿಯ ಪಾರಂಪರಿಕ ತಾಣ ಎಂದರೆ ಈ ದೇವಾಲಯವೊಂದೇ ಅಲ್ಲ, ಕಬ್ಬಿಣದ ಕಾರ್ಖಾನೆಯೂ ಹೌದು. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣದ ಕಲ್ಲು, ಭದ್ರೆಯ ನೀರು, ಸುತ್ತಲಿನ ಕಾಡಿನ ಸೌದೆ ಇವನ್ನೆಲ್ಲ ಒಂದೆಡೆ ಕೂಡಿಸುವ ಯೋಜನೆಯ ಹಿಂದೆ ಇದ್ದವರು ದಿವಾನ್ ವಿಶ್ವೇಶ್ವರಯ್ಯ. ಕೆಲಸ 1918ರಲ್ಲಿ ಶುರುವಾಯಿತು, ಉತ್ಪಾದನೆ 1923ರಲ್ಲಿ. ಮೊದಲ ಹೆಸರಿನಲ್ಲೇ ಮರ ಮತ್ತು ಕಬ್ಬಿಣ ಎರಡೂ ಇದ್ದವು. ಗಾಳಿಯಾಡದ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ ಇದ್ದಿಲು ಮಾಡುವುದು, ಹೊರಡುವ ಆವಿಯಿಂದ ಮರದ ಸ್ಪಿರಿಟ್ಟು, ಅಸಿಟೇಟ್, ಡಾಂಬರು ತೆಗೆಯುವುದು, ಆ ಇದ್ದಿಲಿನಿಂದಲೇ ಊದುಕುಲುಮೆಯಲ್ಲಿ ಅದಿರು ಕರಗಿಸುವುದು ಆಗ ಇಲ್ಲಿನ ವಿಧಾನವಾಗಿತ್ತು. ಇದಕ್ಕಾಗಿ ಮಲೆನಾಡು ತೆತ್ತ ಮರಗಳ ಲೆಕ್ಕವನ್ನೂ ಪರಂಪರೆಯ ಕಥೆಯಿಂದ ಹೊರಗಿಡಬಾರದು.

ಆರಂಭದಲ್ಲೇ ಬೀಡುಕಬ್ಬಿಣದ ಬೆಲೆ ಕುಸಿಯಿತು, ಕಾರ್ಖಾನೆ ನಷ್ಟಕ್ಕೆ ಬಿತ್ತು, ಮುಚ್ಚಿಬಿಡಿ ಎಂದವರಿದ್ದರು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯ ಆಗ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಇದ್ದು ಎತ್ತಿ ನಿಲ್ಲಿಸಿದರು. ಆ ಸೇವೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ಕೈಯಲ್ಲಿ ತೆಗೆದುಕೊಳ್ಳದೆ ಹುಡುಗರ ವೃತ್ತಿಶಿಕ್ಷಣಕ್ಕೆ ಕೊಡಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯ ಹಿಂದೆ ಇರುವುದು ಆ ಹಣ. 1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟು ಸೇರಿದವು. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯಿಂದ ಕಾಗದನಗರ ಬೆಳೆಯಿತು. 1981ರಿಂದ ಅಲ್ಲಿ ಪತ್ರಿಕಾ ಕಾಗದವೂ ತಯಾರಾಯಿತು. ತಮಿಳು, ತೆಲುಗು, ಮಲಯಾಳ ಮಾತಾಡುವ ಕುಟುಂಬಗಳು ಬಂದು ನೆಲೆಸಿ ಭದ್ರಾವತಿ ಈಗಿನ ಭದ್ರಾವತಿಯಾಯಿತು. ಕ್ರಿಕೆಟಿನ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಈ ಊರಿನಲ್ಲೇ.

ಕಾಗದದ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು; ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು; ಅದೇ ಆಗಸ್ಟಿನಲ್ಲಿ ಕೆಲವು ವಿಭಾಗಗಳು ಮತ್ತೆ ಚಾಲೂ ಆದವು. ಅದು ಪೂರ್ತಿಯಾಗಿ ನಡೆಯಲಿ ಎಂಬುದೇ ಎಲ್ಲರ ಮೊದಲ ಆಸೆ. ನಡೆದರೂ ನಿಂತರೂ ಅಲ್ಲಿನ ಹಳೆಯ ಯಂತ್ರ, ನಕ್ಷೆ, ಕಡತಗಳು ಗುಜರಿಗೆ ಹೋಗಬಾರದು. ಜರ್ಮನಿಯ ಫೋಲ್ಕ್ಲಿಂಗೆನ್ ಕಬ್ಬಿಣದ ಕಾರ್ಖಾನೆ 1986ರಲ್ಲಿ ನಿಂತಿತು, 1994ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಜನ ಟಿಕೆಟ್ ಕೊಂಡು ಆ ಕುಲುಮೆಗಳ ನಡುವೆ ನಡೆದಾಡುತ್ತಾರೆ. ಭದ್ರಾವತಿಯ ಕಾರ್ಖಾನೆಯೊಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಕನಿಷ್ಠ ಗೇಟಿನ ಹೊರಗೆ ಅದರ ಕಥೆ ಹೇಳುವ ಒಂದು ಒಳ್ಳೆಯ ವಸ್ತುಸಂಗ್ರಹಾಲಯವನ್ನು ಸರ್ಕಾರ ಮತ್ತು ಕಾರ್ಖಾನೆ ಸೇರಿ ಕಟ್ಟಬೇಕು.

ಅದಕ್ಕೆ ಬೇಕಾದ ಸಾಮಗ್ರಿ ಕಾರ್ಖಾನೆಯಲ್ಲಿ ಮಾತ್ರವಲ್ಲ, ಕಾರ್ಮಿಕರ ಮನೆಗಳಲ್ಲೂ ಇದೆ. ಅಜ್ಜನ ಗೇಟ್ ಪಾಸು, ಸಂಬಳದ ಚೀಟಿ, ಪಾಳಿಯವರೆಲ್ಲ ಸೇರಿ ತೆಗೆಸಿಕೊಂಡ ಫೋಟೊ ನಿಮ್ಮ ಅಟ್ಟದಲ್ಲಿದ್ದರೆ ದಯವಿಟ್ಟು ಎಸೆಯಬೇಡಿ. ಫೋಟೊದ ಹಿಂದೆ ಯಾರು ಯಾರೆಂದು ಪೆನ್ಸಿಲಿನಲ್ಲಿ ಬರೆದಿಡಿ.