ಕಾಳು ಬೇರೆ ಮಾಡುವುದೂ ಲೆಕ್ಕವೇ?

ಪ್ರಶ್ನೆ: ನಾಲ್ಕು ವರ್ಷದ ಮಗಳು ಬಣ್ಣ ನೋಡಿ ಕಾಳು ಬೇರೆ ಮಾಡುತ್ತಾಳೆ. ಇದರಿಂದ ಗಣಿತ ಬರುತ್ತದೆಯೇ?
– ಓದುಗರು, ಗಳಗನಾಥ

ಉತ್ತರ: ಬುನಾದಿಯಂತೂ ಬೀಳುತ್ತದೆ. ಎಣಿಸುವ ಮೊದಲು ಯಾವುದನ್ನು ಎಣಿಸಬೇಕೆಂದು ಗುಂಪು ಕಟ್ಟಬೇಕಲ್ಲ! ಬ್ಯಾಡಗಿ ಮೆಣಸಿನಕಾಯಿಯಲ್ಲಿ ದಪ್ಪಗಿನ ಡಬ್ಬಿ, ಉದ್ದನೆಯ ಕಡ್ಡಿ ಎಂದು ಗುರುತಿಸುವುದೂ ಇದೇ ವಿದ್ಯೆ. (ಮಗುವಿನ ಕೈಗೆ ಮಾತ್ರ ಮೆಣಸಿನಕಾಯಿ ಬೇಡ, ಕಣ್ಣುಜ್ಜಿಕೊಂಡೀತು.) ಅವಳಿಗೆ ನಿಮ್ಮೂರಿನ ವರದಾ–ತುಂಗಭದ್ರಾ ಸಂಗಮದ ದಂಡೆಯ ಕಲ್ಲುಗಳೇ ಸಾಕು. ಬಣ್ಣದ ಪ್ರಕಾರ ವಿಂಗಡಿಸಿದ ರಾಶಿಯನ್ನು ಮತ್ತೆ ಕೂಡಿಸಿ, "ಈಗ ಬೇರೆ ಥರ ಮಾಡವ್ವಾ" ಎನ್ನಿ. ಯಾಕೆ ಹಾಗೆ ಮಾಡಿದಳೆಂದೂ ಕೇಳಿ. ಯೋಚನೆ ಶುರುವಾಗುವುದೇ ಅಲ್ಲಿ.

ಎಂಟು ಕಡಲೆಕಾಳು, ಮೂರು ಹೆಸರುಕಾಳು ಇಟ್ಟು, "ಕಡಲೆ ಹೆಚ್ಚೋ, ಕಾಳು ಹೆಚ್ಚೋ?" ಎಂದರೆ "ಕಡಲೆ" ಎಂದಾಳು; ಕಡಲೆಯೂ ಕಾಳೇ ಎಂಬುದು ಈ ವಯಸ್ಸಿಗೆ ಹೊಳೆಯದು. ಮನಶ್ಶಾಸ್ತ್ರಜ್ಞ ಪಿಯಾಜೆ ಗಮನಿಸಿದ್ದೂ ಇದನ್ನೇ. ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ ಸರಿಹೋಗುತ್ತದೆ, ಈಗಲೇ ತಿದ್ದುವ ಅವಸರ ಬೇಡ.