ತುಕ್ಕು ಹಿಡಿದರೂ ಮದ್ದು ಮದ್ದೇ

ಮರವಂತೆ. ರಸ್ತೆಯ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು. ಮಳೆಗಾಲದ ಅಲೆ ಒಂದು ಕಬ್ಬಿಣದ ಕೊಳವೆಯನ್ನು ದಡಕ್ಕೆ ಎಸೆದಿದೆ ಅಂದುಕೊಳ್ಳಿ. ಮೈಯೆಲ್ಲ ತುಕ್ಕು, ಒಂದು ತುದಿ ಮುಚ್ಚಿದೆ. ಗುಜರಿಗೆ ಹಾಕಿದರಾಯ್ತು ಅನಿಸುತ್ತದೆ. ಮುಟ್ಬೇಡಿ ಮಾರಾಯ್ರೆ!

ಇಲ್ಲಿಂದ ಘಟ್ಟ ಹತ್ತಿದರೆ ಹೊಸನಗರ ತಾಲ್ಲೂಕಿನ ಬಿದನೂರು, ಈಗಿನ ನಗರ. 2018ರಲ್ಲಿ ಅಲ್ಲಿನ ಹಾಳುಬಾವಿಯ ಕೆಸರು ಸಿಡಿಮದ್ದಿನಂತೆ ನಾತ ಹೊಡೆಯಿತು. ಅಗೆದರೆ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್! ಒಂದೊಂದೂ 23ರಿಂದ 26 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ಕಬ್ಬಿಣದ ಕೊಳವೆ, ಒಳಗೆ ಮದ್ದು. ಇನ್ನೂರು ವರ್ಷ ಕಳೆದರೂ ವಾಸನೆ ಹೋಗಿರಲಿಲ್ಲ, ನೋಡಿ.

ಒದ್ದೆಯಾದ ಕರಿಮದ್ದು ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ ಒಣಗಿದರೆ ಮತ್ತೆ ಹೊತ್ತಿಕೊಳ್ಳಬಹುದು. ಈಚಿನ ಶೆಲ್‌ಗಳಲ್ಲಿರುವ ಟಿಎನ್‌ಟಿ ನೀರಿನಲ್ಲಿ ಕರಗುವುದೇ ಕಷ್ಟ. ಶೆಲ್‌ನ ಫ್ಯೂಸ್ ತುಕ್ಕು ಹಿಡಿದಷ್ಟೂ ಯಾವಾಗ ಏನಾಗುತ್ತದೆ ಎಂದು ಹೇಳಲಾಗದು. ಜರ್ಮನಿಯ ಬಾಲ್ಟಿಕ್ ಕಡಲತೀರದಲ್ಲಿ ಮಹಾಯುದ್ಧದ ಬಾಂಬುಗಳ ಬಿಳಿ ರಂಜಕ ಇಂದಿಗೂ ದಡಕ್ಕೆ ಬರುತ್ತದೆ. ಹೊಳೆಯುವ ಅಂಬರ್ ಕಲ್ಲೆಂದು ಜೇಬಿಗಿಟ್ಟವರ ಬಟ್ಟೆಗೆ, ಅದು ಒಣಗಿದ ಕೂಡಲೇ ಬೆಂಕಿ ಹತ್ತಿದೆ.

ಆದ್ದರಿಂದ ಬಣ್ಣ, ಆಕಾರ, ಮೇಲಿನ ಅಂಕಿ ನೋಡಿ 'ಇದು ಖಾಲಿ' ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಉಜ್ಜಬೇಡಿ, ಅಲುಗಿಸಬೇಡಿ, ಬಕೆಟ್ ನೀರಿಗೆ ಹಾಕಬೇಡಿ. ದೂರದಿಂದ ಫೋಟೊ ತೆಗೆಯಿರಿ, ಮಕ್ಕಳನ್ನು ಹಿಂದೆ ಕರೆದುಕೊಳ್ಳಿ, ಬಂದ ದಾರಿಯಲ್ಲೇ ವಾಪಸ್ ನಡೆಯಿರಿ. 112ಕ್ಕೆ ಕರೆ ಮಾಡಿ. ಗಂಗೊಳ್ಳಿಯಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆಯೂ ಇದೆ. ಬಾಂಬ್ ನಿಷ್ಕ್ರಿಯ ದಳ ಬರುವವರೆಗೆ ಅದು ಬಿದ್ದಲ್ಲೇ ಇರಲಿ.